ನಮ್ಮಮ್ಮನೂ ಗೇಮರ್ರಾ ಸಾರ್?

ಓದುಗರ ಪತ್ರ

ಮಂಡ್ಯದಿಂದ ಮೈಸೂರಿನ ಕಾಲೇಜಿಗೆ ದಿನಾ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ, ಜೊತೆಗೆ ಆಡುವ ಸ್ಕ್ವಾಡ್‌ನವರು ನಗ್ತಾರೆ ಎಂದಿದ್ದಾರೆ. ಕಳೆದ ಸಂಚಿಕೆಯಲ್ಲಿ ರೈಲು ಪ್ರಯಾಣಿಕರ ಮೊಬೈಲ್ ಆಟಗಳ ಬಗ್ಗೆ ಒಂದು ಬರಹ ಹಾಕಿದ್ದೆವು. ಅದರಲ್ಲಿ ಲೂಡೋ, ಕ್ಯಾಂಡಿ ಕ್ರಶ್ ಆಡುವವರನ್ನೂ ಪಬ್‌ಜಿ ಮೊಬೈಲ್ ಎಂಬ ಬಂದೂಕಿನ ಆಟದ ಭಾರತೀಯ ರೂಪವಾದ ಬಿಜಿಎಂಐ ಆಡುವವರನ್ನೂ ಒಟ್ಟಿಗೆ ‘ಗೇಮರ್‌ಗಳು’ ಎಂದಿದ್ದು ಅವರಿಗೆ ಹಿಡಿಸಿಲ್ಲ. ಪತ್ರದ ಮುಖ್ಯ ಭಾಗ ಹೀಗಿದೆ:

“ಫೋನ್ ಓರೆ ಮಾಡಿ ಗುರಿ ಹಿಡಿಯೋ ಜೈರೋ ಸೆನ್ಸಿಟಿವಿಟಿ ಸರಿ ಮಾಡ್ಕೊಳ್ಳೋಕೇ ನಾವು ತಿಂಗಳುಗಟ್ಟಲೆ ಒದ್ದಾಡ್ತೀವಿ. ನಾಲ್ಕು ಬೆರಳಲ್ಲಿ ಆಡೋದು ಕಲಿಯೋಕೆ ಇನ್ನೊಂದಷ್ಟು ದಿನ. ಬಣ್ಣದ ಮಿಠಾಯಿ ಜೋಡಿಸೋರನ್ನೂ ನಮ್ಮನ್ನೂ ಒಂದೇ ತಕ್ಕಡೀಲಿ ತೂಗಿದ್ರೆ ಹೆಂಗೆ? ನಮ್ಮಮ್ಮ ನನ್ನ ಹಳೇ ಫೋನಲ್ಲಿ ದಿನಾ ಕ್ಯಾಂಡಿ ಕ್ರಶ್ ಆಡ್ತಾರೆ. ಹಂಗಾದ್ರೆ ನಮ್ಮಮ್ಮನೂ ಗೇಮರ್ರಾ ಸಾರ್? ಇನ್ನೊಂದು. ಮನೇಲಿ ನಾನು ಆಡಿದ್ರೆ ಚಟ, ಅಮ್ಮ ಆಡಿದ್ರೆ ಟೈಮ್ ಪಾಸ್ ಅಂತಾರೆ. ಇದು ಯಾವ ನ್ಯಾಯ? ಕೊನೆಗೆ, ಎರಡೂ ಫೋನ್ ಎಕ್ಸ್‌ಚೇಂಜ್‌ಗೆ ಹಾಕಿ ಇಪ್ಪತ್ತು ಸಾವಿರದೊಳಗೆ ಒಂದು ಒಳ್ಳೇದು ತಗೊಂಡು, ಅಮ್ಮನಿಗೊಂದು ಸಾದಾ ಫೋನ್ ಕೊಡಿಸೋಣ ಅಂತಿದೀನಿ. ಏನು ನೋಡ್ಬೇಕು?”

ಸಂಪಾದಕರ ಉತ್ತರ

ಪ್ರಿಯ ಮಿತ್ರರೇ,

ನೇರ ಪ್ರಶ್ನೆಗೆ ನೇರ ಉತ್ತರ. ಹೌದು, ನಿಮ್ಮ ತಾಯಿ ಗೇಮರ್ರೇ. ಅನುಮಾನವೇ ಬೇಡ. ಕೋಪ ಮಾಡಿಕೊಂಡು ಪುಟ ತಿರುಗಿಸಬೇಡಿ. ನಿಮ್ಮ ಆಟವೂ ಅವರ ಆಟವೂ ಒಂದೇ ಅಂತ ನಾನು ಹೇಳುತ್ತಿಲ್ಲ. ವ್ಯತ್ಯಾಸ ಇದೆ, ದೊಡ್ಡದೇ ಇದೆ. ನೀವು ತೋರಿಸಿದ ಜಾಗದಲ್ಲಿ ಇಲ್ಲ, ಅಷ್ಟೆ.

ನೀವು ಹೇಳೋದು, ನಮ್ಮದರಲ್ಲಿ ಕೈಚಳಕ ಇದೆ, ಅಮ್ಮನದರಲ್ಲಿ ಏನೂ ಇಲ್ಲ ಅಂತ. ಒಂದು ದಿನ ಅವರ ಪಕ್ಕ ಸುಮ್ನೆ ಕೂತು ನೋಡಿ. ಎಷ್ಟನೇ ಹಂತದಲ್ಲಿದ್ದೀಯ ಅಂತ ಕೇಳಿ. ಕ್ಯಾಂಡಿ ಕ್ರಶ್ ಬಂದದ್ದು 2012ರಲ್ಲಿ. ಈಗ ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹಂತಗಳಿವೆ. ಮೊದಮೊದಲ ಹಂತಗಳನ್ನು ಚಿಕ್ಕ ಮಕ್ಕಳೂ ದಾಟುತ್ತಾರೆ. ಸಾವಿರ ದಾಟಿದವರ ಕಣ್ಣು ಎಲ್ಲಿರುತ್ತೆ ಗಮನಿಸಿ. ಬೋರ್ಡಿನ ಕೆಳಗಿನ ಸಾಲುಗಳಲ್ಲಿ. ಅಲ್ಲಿ ಮೂರು ಜೋಡಿಸಿದರೆ ಮೇಲಿರೋದೆಲ್ಲ ಕುಸಿಯುತ್ತದೆ. ಕುಸಿಯುವಾಗ ತಾನಾಗಿ ಇನ್ನೆರಡು ಜೋಡಿ ಬಿದ್ದರೂ ಬಿತ್ತು. ನಾಲ್ಕನ್ನು ಸಾಲಾಗಿ ಸೇರಿಸಿದರೆ ಪಟ್ಟೆ ಮಿಠಾಯಿ. ಐದನ್ನು ಸಾಲಾಗಿ ಸೇರಿಸಿದರೆ ಕಲರ್ ಬಾಂಬ್. ಇವೆರಡನ್ನೂ ಅಕ್ಕಪಕ್ಕ ತಂದು ಅದಲುಬದಲು ಮಾಡಿದರೆ ಆ ಬಣ್ಣದ ಮಿಠಾಯಿಗಳೆಲ್ಲ ಪಟ್ಟೆಯಾಗಿ ಸಿಡಿಯುತ್ತವೆ. ಹಾಗೆ ತರಬೇಕಾದರೆ ಕಣ್ಣೆದುರಿಗಿರುವ ಸುಲಭದ ಜೋಡಿಯನ್ನು ಮುಟ್ಟದೆ ಬಿಡಬೇಕು. ಕೊಟ್ಟಿರುವ ನಡೆಗಳು ಎಣಿಸಿದಷ್ಟೇ. ಒಂದು ನಡೆ ಪೋಲಾದರೂ ಕೊನೆಯಲ್ಲಿ ಒಡೆಯಬೇಕಿದ್ದ ಒಂದು ಜೆಲ್ಲಿ ಉಳಿದುಬಿಡುತ್ತದೆ.

ಅದೃಷ್ಟವೂ ಇದೆ, ಒಪ್ಪಿದೆ. ಮೇಲಿಂದ ಯಾವ ಬಣ್ಣ ಉದುರುತ್ತೆ ಅನ್ನೋದು ಅವರ ಕೈಲಿಲ್ಲ. ನೀವು ಬಿಜಿಎಂಐನ ಪೊಚಿಂಕಿ ಊರಲ್ಲಿ ಇಳಿದ ಮನೆಯೊಳಗೆ ಎಂ416 ಬಂದೂಕು ಸಿಗುತ್ತೋ ಬರೀ ಬಾಣಲೆ ಸಿಗುತ್ತೋ ಅನ್ನೋದು ನಿಮ್ಮ ಕೈಲಿದೆಯಾ?

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನಾಳೆ ರೈಲಿನಲ್ಲಿ ಒಂದು ಕೆಲಸ ಮಾಡಿ. ಜನರ ಪರದೆ ನೋಡಬೇಡಿ, ಫೋನ್ ಹಿಡಿದಿರುವ ರೀತಿ ನೋಡಿ. ಕೆಲವರ ಕೈಯಲ್ಲಿ ಫೋನ್ ನಿಂತಿರುತ್ತದೆ. ಒಂದೇ ಕೈ, ಒಂದೇ ಹೆಬ್ಬೆರಳು. ಇನ್ನೊಂದು ಕೈಯಲ್ಲಿ ಮೇಲಿನ ಸರಳು, ಇಲ್ಲವೇ ಟಿಫನ್ ಬ್ಯಾಗು, ಇಲ್ಲವೇ ನಿದ್ದೆಗೆ ಜಾರಿದ ಮಗು. ಪಾಂಡವಪುರ ಹತ್ತಿರ ಬರುತ್ತಿದ್ದಂತೆ ಕೊನೆಯ ಒಂದು ಜೋಡಿ ಎಳೆದು, ಫೋನನ್ನು ಪರ್ಸಿಗೆ ಹಾಕಿ, ಪರ್ಸನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದು ಹೋಗುತ್ತಾರೆ. ಆಟ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹೆಚ್ಚೆಂದರೆ ಒಂದು ಲೈಫ್ ಹೋಗಬಹುದು.

ಇನ್ನು ಕೆಲವರ ಕೈಯಲ್ಲಿ ಫೋನ್ ಮಲಗಿರುತ್ತದೆ. ಎರಡೂ ಕೈ ಬೇಕು. ಎರಡೂ ಕಿವಿ ಬೇಕು, ಹೆಜ್ಜೆ ಸದ್ದು ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಗೊತ್ತಾಗಬೇಕಲ್ಲ. ಮೊಣಕೈ ಪಕ್ಕದವರಿಗೆ ತಗಲುತ್ತದೆ. ನಿಂತುಕೊಂಡು ಆಡುವುದಂತೂ ಕಷ್ಟ. ಬಿಜಿಎಂಐ ನಕ್ಷೆಯಾದ ಎರಾಂಗೆಲ್‌ನಲ್ಲಿ ನೂರು ಜನ ಇಳಿದರೆ ಕೊನೆವರೆಗೂ ಉಳಿದವರಿಗೆ ಸುಮಾರು ಅರ್ಧ ಗಂಟೆ. ನಡುವೆ ನೀವು ನಿಲ್ಲಿಸಿದರೆ ಆಟ ನಿಲ್ಲಲ್ಲ, ನೀವು ಮಾತ್ರ ನಿಲ್ತೀರಿ, ಬಟ್ಟ ಬಯಲಿನಲ್ಲಿ. ಒಬ್ಬ ಬಂದು ಹೊಡೆದು ಹೋಗುತ್ತಾನೆ. ಉಳಿದ ಮೂವರು ಸ್ಕ್ವಾಡ್‌ಮೇಟ್‌ಗಳ ಬೈಗುಳ ಬೇರೆ.

ನನ್ನ ಮಟ್ಟಿಗೆ ಇದೇ ಗೆರೆ. ಯಾವ ಆಟವನ್ನು ನಡುವೆ ಕೆಳಗಿಡಬಹುದೋ ಅದು ಕ್ಯಾಶುವಲ್. ಇಡಲಾಗದ್ದು ಹಾರ್ಡ್‌ಕೋರ್. ಗ್ರಾಫಿಕ್ಸ್, ಬಂದೂಕು, ಆಟ ಎಷ್ಟು ಜಿಬಿ ಇದೆ ಅನ್ನೋದೆಲ್ಲ ಆಮೇಲಿನ ಮಾತು. ಮನೆಗಳಲ್ಲಿ ಜಗಳ ಹುಟ್ಟೋದೂ ಈ ಗೆರೆ ಮೇಲೇ. ಒಳಗಿಂದ “ಮುದ್ದೆ ಆರುತ್ತೆ ಬಾರೋ” ಅಂತಾರೆ. ನೀವು “ಐದೇ ನಿಮಿಷ” ಅಂತೀರಿ. ನೀವು ಸುಳ್ಳು ಹೇಳ್ತಿಲ್ಲ, ಆ ಕ್ಷಣಕ್ಕೆ ನಿಮಗೂ ಹಾಗೇ ಅನಿಸಿರುತ್ತೆ. ಆಡುವ ಜಾಗ, ಅಂದರೆ ಝೋನ್, ಇನ್ನೆರಡು ಸಲ ಕುಗ್ಗುವಷ್ಟರಲ್ಲಿ ಹದಿನೈದಾಗಿರುತ್ತದೆ. ಎದ್ದು ಬಂದರೆ ನಾಲ್ಕು ಜನರ ಆಟ ಹಾಳು, ಬರದಿದ್ದರೆ ಮುದ್ದೆ ಹಾಳು. ಅಮ್ಮನ ಆಟಕ್ಕೆ ಈ ಕಷ್ಟ ಇಲ್ಲ. ಕುಕ್ಕರ್ ಕೂಗಿದರೆ ಎದ್ದು ಹೋಗುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮಂಥವರ ಮೇಲೆ ನನಗೆ ಗೌರವ ಜಾಸ್ತಿ. ಮೊಬೈಲು ಹುಟ್ಟಿನಿಂದಲೇ ಅಡ್ಡಿಪಡಿಸುವ ಯಂತ್ರ. ಪ್ಲೇಸ್ಟೇಷನ್‌ಗೆ ಸೋದರಮಾವನ ಫೋನ್ ಬರಲ್ಲ. ನಿಮ್ಮ ಆಟದ ನಡುವೆ ಬರುತ್ತೆ, ಅದೂ ಸ್ಕೋಪ್‌ನಲ್ಲಿ ಎದುರಾಳಿಯ ತಲೆ ಕಂಡಾಗಲೇ ಬರುತ್ತೆ. ರೈಲಿನಲ್ಲಂತೂ ಕೇಳೋದೇ ಬೇಡ. ಫೋನು ಒಂದು ಟವರ್ ಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. 50 ಮಿಲಿಸೆಕೆಂಡ್ ಇದ್ದ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ) ಇದ್ದಕ್ಕಿದ್ದಂತೆ ಕೆಂಪಾಗಿ 300 ತೋರಿಸುತ್ತದೆ. ನೀವು ಗೋಡೆ ಹಿಂದೆ ಸರಿದಾಯ್ತು ಅಂದುಕೊಂಡಿರುತ್ತೀರಿ. ಸರ್ವರ್ ಲೆಕ್ಕದಲ್ಲಿ ಇನ್ನೂ ಬಾಗಿಲಲ್ಲೇ ಇದ್ದೀರಿ. ಸತ್ತಾಯ್ತು. ಇಂಥ ಯಂತ್ರದಲ್ಲಿ ಆರಿಂಚಿನ ಗಾಜಿನ ಮೇಲೆ ನಾಲ್ಕು ಬೆರಳು ಓಡಿಸಿ, ಬೆವರಿಗೆ ಬೆರಳಿಗೆ ಪೌಡರ್ ಹಾಕಿಕೊಂಡು, ಫೋನನ್ನೇ ಓರೆ ಮಾಡಿ ಗುರಿ ಹಿಡಿಯೋದು ಸಣ್ಣ ಮಾತಲ್ಲ.

ಆದರೆ ಈ ಗೌರವ ಸಿಗಬೇಕಾದರೆ ಪಕ್ಕದವರ ಆಟ ಆಟವೇ ಅಲ್ಲ ಅನ್ನಬೇಕಾಗಿಲ್ಲ. ಕ್ಯಾಶುವಲ್, ಹಾರ್ಡ್‌ಕೋರ್ ಅನ್ನೋ ಜಾತಿ ವಿಂಗಡಣೆ ಕಂಪ್ಯೂಟರ್, ಕನ್ಸೋಲ್ ಕಾಲದ್ದು. ಆಟಕ್ಕೆಂದೇ ಬೇರೆ ಪೆಟ್ಟಿಗೆ ಕೊಂಡವರು ತಾವು ಅಸಲಿ ಎಂದುಕೊಂಡರು. ನಮ್ಮ ಕಡೆ ಆ ಪೆಟ್ಟಿಗೆ ಎಷ್ಟು ಮನೆಯಲ್ಲಿತ್ತು? ಮೈಸೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದ ಒಂದು ತಲೆಮಾರು ಇದೆ, ನಿಜ. ಹಳ್ಳಿ, ಹೋಬಳಿಗಳಿಗೆ ಬಂದ ಮೊದಲ ಗೇಮಿಂಗ್ ಯಂತ್ರ ಅಂದರೆ ಫೋನೇ. ನೋಕಿಯಾದವರು 1997ರಲ್ಲಿ 6110 ಮಾಡೆಲ್‌ನೊಳಗೆ ಹಾವಿನ ಆಟ ಇಟ್ಟರು. 2003ರ ನೋಕಿಯಾ 1100 ಬಂದ ಮೇಲೆ ಟಾರ್ಚೂ ಹಾವೂ ಒಟ್ಟಿಗೆ ಗದ್ದೆಗೆ ಹೋದವು. ಆ ಹಾವು ಯಾವ ಜಾತಿ ಹೇಳಿ. ಬಸ್ಸಿಗೆ ಕಾಯುವಾಗ ಆಡಿದವರೂ ಇದ್ದರು. ಹಾವು ಪರದೆ ತುಂಬುವವರೆಗೂ ಬಿಡದ ಹಟಮಾರಿಗಳೂ ಇದ್ದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯ್ತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ಅಷ್ಟರಲ್ಲಿ ಅಮ್ಮನಿಗೂ ಮಗನಿಗೂ ಒಂದೇ ಬಗೆಯ ಯಂತ್ರ.

ಇನ್ನೊಂದು ಸುದ್ದಿ ಹೇಳಿದರೆ ನಿಮಗೆ ಬೇಜಾರಾಗಬಹುದು. ಕಾಲ್ ಆಫ್ ಡ್ಯೂಟಿ ಅನ್ನೋ ಬಂದೂಕಿನ ಆಟ ಗೊತ್ತಲ್ವಾ? ಹಾರ್ಡ್‌ಕೋರ್ ಜನರ ತವರುಮನೆ. ಅದರ ಅಂದಿನ ಒಡೆಯರಾದ ಆಕ್ಟಿವಿಷನ್ ಬ್ಲಿಝಾರ್ಡ್‌ನವರು 2016ರಲ್ಲಿ 590 ಕೋಟಿ ಡಾಲರ್ ಕೊಟ್ಟು ಒಂದು ಕಂಪನಿ ಕೊಂಡರು. ಕಿಂಗ್ ಅಂತ. ಕ್ಯಾಂಡಿ ಕ್ರಶ್ ಮಾಡೋರು. ಬಂದೂಕಿನವರಿಗೆ ಮಿಠಾಯಿಯ ಬೆಲೆ ಚೆನ್ನಾಗಿ ಗೊತ್ತಿತ್ತು.

ಈಗ ನಮ್ಮೂರಿನ ಮಾತಿಗೆ ಬರೋಣ. ನಿಮ್ಮ ಅಜ್ಜಿ ಚೌಕಾಬಾರ ಆಡೋದು ನೋಡಿದ್ದೀರಾ? ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಇಪ್ಪತ್ತೈದು ಮನೆ. ನಾಲ್ಕು ಕವಡೆ, ಇಲ್ಲದಿದ್ದರೆ ಒಂದು ಕಡೆ ಉಜ್ಜಿದ ಹುಣಸೆ ಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಮೊಮ್ಮಕ್ಕಳ ಜೊತೆ ಆಡುವಾಗ ಅಜ್ಜಿ ಹೊಡೆಯಬಹುದಾದ ಕಾಯನ್ನು ಕಂಡೂ ಕಾಣದ ಹಾಗೆ ಬಿಡುತ್ತಾರೆ. ಅದೇ ಅಜ್ಜಿ ಮಧ್ಯಾಹ್ನ ಓರಗಿತ್ತಿಯರ ಜೊತೆ ಕೂರಲಿ. ಹಣ್ಣಾಗಲು ಎರಡೇ ಮನೆ ಇರುವ ಕಾಯನ್ನು ಹೊಡೆದು ಎತ್ತಿಡುತ್ತಾರೆ, ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ. ಸಂಜೆ ದೀಪ ಹಚ್ಚುವವರೆಗೂ ಏಳಲ್ಲ. ಅದೇ ಮನೆ, ಅದೇ ಕವಡೆ, ಅದೇ ಅಜ್ಜಿ.

ಇನ್ನು ಹಾರ್ಡ್‌ಕೋರ್ ಅಂದರೆ ನನಗೆ ನೆನಪಾಗೋದು ಮೈಸೂರಿನ ಸಿಂಹಾಸನದ ಮೇಲೆ ಕೂತಿದ್ದ ಒಬ್ಬರು. ಮುಮ್ಮಡಿ ಕೃಷ್ಣರಾಜ ಒಡೆಯರು. 1868ರಲ್ಲಿ ತೀರಿಕೊಂಡರು. ಆಳ್ವಿಕೆಯ ಅರ್ಧಕ್ಕೂ ಹೆಚ್ಚು ಕಾಲ ಆಡಳಿತ ಬ್ರಿಟಿಷರ ಕೈಯಲ್ಲಿತ್ತು. ಇವರು ಆಟಗಳನ್ನು ಕಟ್ಟುತ್ತಾ ಕೂತರು. ಅವರು ರೂಪಿಸಿದ ಗಂಜೀಫಾ ಎಂಬ ಎಲೆಯಾಟಗಳಲ್ಲಿ ಚಾಮುಂಡೇಶ್ವರಿ ಛದ ಅಂತ ಒಂದಿದೆ. ಅದಕ್ಕೆ 320 ಎಲೆ. ನಮ್ಮ ಇಸ್ಪೀಟು ಕಟ್ಟಿನಲ್ಲಿ ಇರೋದು 52. ಅಷ್ಟರಲ್ಲಿ ಯಾವುದು ಬಿತ್ತು ಯಾವುದು ಉಳಿಯಿತು ಅಂತ ನೆನಪಿಟ್ಟುಕೊಳ್ಳಬೇಕು. ತಮ್ಮ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಚದುರಂಗದ ಕುದುರೆಯನ್ನು ಅದರ ನಡಿಗೆಯಲ್ಲೇ ನಡೆಸಿ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಸುವ ಒಗಟು ಇದೆಯಲ್ಲ, ಅದರ ಹಿಂದೆ ಬಿದ್ದು ಬಗೆಬಗೆಯ ದಾರಿ ಹುಡುಕಿದರು. ಮನೆಗಳಿಗೆ ಕುದುರೆ ಹೋದ ಕ್ರಮದಲ್ಲಿ ಅಂಕಿ ಬರೆದು, ಅಡ್ಡ ಕೂಡಿದರೂ ಉದ್ದ ಕೂಡಿದರೂ ಒಂದೇ ಮೊತ್ತ ಬರುವ ಹಾಗೆ ಕೂಡ ಮಾಡಿದರು. ಪುರುಸೊತ್ತಿದ್ದರೆ ಒಂದು ಹಾಳೆ ತಗೊಂಡು ಬರೀ 64 ಮನೆ ಮುಟ್ಟಿಸಿ ನೋಡಿ, ಮೊತ್ತದ ಗೊಡವೆ ಬೇಡ. ನಲವತ್ತು ದಾಟುವಷ್ಟರಲ್ಲಿ ಕುದುರೆ ಮೂಲೆಯಲ್ಲಿ ಸಿಕ್ಕಿಬಿದ್ದಿರುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ನಾನು ಮೇಲೆ ಎಳೆದ ಗೆರೆಯ ಪ್ರಕಾರ ಕುದುರೆಯ ಒಗಟು ಕ್ಯಾಶುವಲ್ ಆಟ. ಎದುರಾಳಿ ಇಲ್ಲ, ಗಡಿಯಾರ ಇಲ್ಲ, ಬೇಕಾದಾಗ ಎದ್ದು ಊಟಕ್ಕೆ ಹೋಗಬಹುದು. ಆಡಿದವರು ಮಾತ್ರ ನೀವೂ ನಾನೂ ಸರಿಗಟ್ಟಲಾಗದ ಹಾರ್ಡ್‌ಕೋರ್. ಅಂದರೆ ಕೆಳಗಿಡಬಹುದಾ ಅನ್ನೋದು ಆಟದ ಗುಣ, ಕೆಳಗಿಡ್ತಾರಾ ಅನ್ನೋದು ಆಡುವವರ ಗುಣ. ಇವೆರಡನ್ನೂ ಬೇರೆಬೇರೆಯಾಗಿ ಕೇಳಬೇಕು. ವಾರಕ್ಕೆರಡು ಮ್ಯಾಚ್ ಬಿಜಿಎಂಐ ಆಡಿ, ಸತ್ತರೆ ನಕ್ಕು, ಫೋನ್ ಒಳಗಿಟ್ಟು ಮಲಗುವ ಹುಡುಗರು ಬೇಕಾದಷ್ಟಿದ್ದಾರೆ. ಹಾರ್ಡ್‌ಕೋರ್ ಆಟದ ಕ್ಯಾಶುವಲ್ ಆಟಗಾರರು. ನಿಮ್ಮ ತಾಯಿ ಬಹುಶಃ ಇದರ ಉಲ್ಟಾ.

ಚಟ, ಟೈಮ್ ಪಾಸ್ ಅನ್ನೋ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನಿಮಗೆ ಅನ್ಯಾಯ ಆಗಿದೆ, ಅರ್ಧದಷ್ಟು. ನೀವು ಎರಡು ಗಂಟೆ ಒಂದೇ ಕಡೆ ಕೂತು “ನಾಕ್ ಆದೆ, ರಿವೈವ್ ಮಾಡೋ” ಅಂತ ಕಿರುಚಿದ್ದು ಇಡೀ ಬೀದಿಗೆ ಕೇಳಿಸುತ್ತದೆ. ಅಮ್ಮನ ಎರಡು ಗಂಟೆ ಹತ್ತತ್ತು ನಿಮಿಷದ ಚೂರುಗಳಲ್ಲಿ, ಸದ್ದಿಲ್ಲದೆ ಕಳೆಯುತ್ತದೆ. ಒಲೆ ಮೇಲೆ ಹಾಲಿಟ್ಟಾಗ ಹತ್ತು, ಸೀರಿಯಲ್‌ನ ಜಾಹೀರಾತಿಗೆ ಹತ್ತು. ಯಾರೂ ಕೂಡಿಸಿ ನೋಡಲ್ಲ. ಆ ಆಟವನ್ನು ಕಟ್ಟಿರೋದೂ ಚೂರಿನ ಲೆಕ್ಕದಲ್ಲೇ. ಐದು ಲೈಫ್ ಕೊಡ್ತಾರೆ. ಮುಗಿದರೆ ಒಂದೊಂದಕ್ಕೂ ಅರ್ಧ ಗಂಟೆ ಕಾಯಿರಿ, ಇಲ್ಲಾ ಸ್ನೇಹಿತರನ್ನು ಕೇಳಿ, ಇಲ್ಲಾ ದುಡ್ಡು ಕೊಡಿ ಅಂತಾರೆ. ಅರ್ಧ ಗಂಟೆ ಆದ ತಕ್ಷಣ ಕೈ ತಾನಾಗೇ ಫೋನ್ ಹುಡುಕುತ್ತದೆ. ಕೆಳಗಿಡೋದು ಸುಲಭ ಮಾಡಿದ್ದಾರೆ, ಮತ್ತೆ ಎತ್ತಿಕೊಳ್ಳೋದನ್ನು ಇನ್ನೂ ಸುಲಭ ಮಾಡಿದ್ದಾರೆ. ನನಗೆ ಬಂದೂಕಿನ ಆಟಕ್ಕಿಂತ ಈ ಜಾಣತನದ ಮೇಲೇ ಅನುಮಾನ ಜಾಸ್ತಿ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಗೇಮಿಂಗ್ ಡಿಸಾರ್ಡರ್ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಯಾವ ಆಟ ಅಂತ ಹೇಳಿಲ್ಲ, ಎಷ್ಟು ಗಂಟೆ ಅಂತಲೂ ಇಲ್ಲ. ಆಟ ಹಿಡಿತ ತಪ್ಪಿದೆಯಾ, ಉಳಿದ ಕೆಲಸಗಳನ್ನೆಲ್ಲ ಹಿಂದಕ್ಕೆ ತಳ್ಳಿದೆಯಾ, ನಷ್ಟ ಕಣ್ಣಿಗೆ ಕಂಡರೂ ಮುಂದುವರಿದಿದೆಯಾ ಎಂದು ಕೇಳುತ್ತದೆ. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೇ ಇದ್ದರೆ. ಈ ಮೂರನ್ನೂ ನೀವೇ ಕೇಳಿಕೊಳ್ಳಿ. ಉತ್ತರ ‘ಹೌದು’ ಅಂತ ಬಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಇಲ್ಲ ಅಂತ ಬಂದರೆ ಮನೆಯವರಿಗೆ ಈ ಪುಟ ತೋರಿಸಿ.

ದುಡ್ಡಿಟ್ಟು ಆಡುವ ರಮ್ಮಿಯಂಥವನ್ನು ನಾನು ಈ ಲೆಕ್ಕಕ್ಕೇ ಸೇರಿಸಿಲ್ಲ. ಕರ್ನಾಟಕ 2021ರಲ್ಲಿ ಅವನ್ನು ತಡೆಯಲು ಪೊಲೀಸ್ ಕಾಯ್ದೆ ತಿದ್ದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ತಂದು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿದೆ. ಅದೇ ಕಾನೂನು ಇ-ಸ್ಪೋರ್ಟ್ಸ್ ಬೇರೆ, ಸುಮ್ನೆ ಖುಷಿಗೆ ಆಡುವ ಸೋಶಿಯಲ್ ಗೇಮ್ ಬೇರೆ ಎಂದು ವಿಂಗಡಿಸಿ ಎರಡಕ್ಕೂ ಪ್ರೋತ್ಸಾಹ ಅಂದಿದೆ. ಅಂದರೆ ದೆಹಲಿಯ ಕಡತದಲ್ಲಿ ನಿಮಗೂ ಅಮ್ಮನಿಗೂ ಅಕ್ಕಪಕ್ಕವೇ ಜಾಗ.

ಇನ್ನು ಫೋನು. ಮೊದಲು ನೋಡಬೇಕಾದ್ದು ಜೈರೋಸ್ಕೋಪ್. ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ನಿಜವಾದ ಸೆನ್ಸರ್ ಇರಲ್ಲ, ಸಾಫ್ಟ್‌ವೇರ್‌ನಲ್ಲೇ ಹೇಗೋ ಸರಿದೂಗಿಸಿರುತ್ತಾರೆ. ನೀವು ಕಷ್ಟಪಟ್ಟು ಕಲಿತದ್ದೆಲ್ಲ ಅಲ್ಲಿ ದಂಡ. ಎರಡನೆಯದು, ಡಬ್ಬದ ಮೇಲೆ 120 ಹರ್ಟ್ಸ್ ಅಂತ ದಪ್ಪಕ್ಷರದಲ್ಲಿದ್ದರೆ ಮರುಳಾಗಬೇಡಿ. ಅದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಅನ್ನೋ ಪರದೆಯ ತಾಕತ್ತು. ಆ ಮಾಡೆಲ್‌ಗೆ ಆಟದೊಳಗೆ ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ತೆರೆದುಕೊಳ್ಳುತ್ತೆ ಅನ್ನೋದು ಬೇರೆ ವಿಷಯ. 60 ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡಿಗೊಂದು ಚಿತ್ರ, 90 ಅಂದರೆ 11ಕ್ಕೊಂದು. ಏರುಪೇರಾಗದೆ ನಿಲ್ಲುವ 60, ಆಗಾಗ 40ಕ್ಕೆ ಕುಸಿಯುವ 90ಕ್ಕಿಂತ ಮೇಲು. ಕುಸಿಯೋದು ಬಿಸಿಗೆ. ಪ್ರೊಸೆಸರ್ ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯ ಎಸಿಯಲ್ಲಿ ಎರಡು ನಿಮಿಷ ಆಡಿದರೆ ಯಾವ ಫೋನೂ ಬಿಸಿಯಾಗಲ್ಲ. ಅದೇ ಮಾಡೆಲ್ ಇಟ್ಟುಕೊಂಡ ಗೆಳೆಯರು ಯಾರಾದರೂ ಇದ್ದರೆ ಅವರ ಫೋನಿನಲ್ಲಿ ಸತತವಾಗಿ ಮೂರು ಮ್ಯಾಚ್ ಆಡಿ, ಮೂರನೆಯದರಲ್ಲಿ ಗೊತ್ತಾಗುತ್ತೆ. ರ‍್ಯಾಮ್ 8 ಜಿಬಿ ಇರಲಿ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಅಂಗಡಿಯವರು ಹೇಳುತ್ತಲೇ ಇರುತ್ತಾರೆ, ಹೂಂ ಅನ್ನಿ.

ಅಮ್ಮನ ಕೈಯಲ್ಲಿರುವ ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿ. ಅವರು ಒಪ್ಪಿದರೆ, ಆಟದ ಸೆಟ್ಟಿಂಗ್ಸ್‌ಗೆ ಹೋಗಿ ಅವರು ದಾಟಿದ ಹಂತಗಳನ್ನು ಒಂದು ಅಕೌಂಟಿಗೆ ಜೋಡಿಸಿ, ಹೊಸ ಫೋನಿನಲ್ಲಿ ಅದೇ ಅಕೌಂಟ್ ಹಾಕಿ ಎಲ್ಲ ಬಂತಾ ನೋಡಿ, ಆಮೇಲಷ್ಟೇ ಹಳೆಯದನ್ನು ಅಳಿಸಿ. ಹಾಗೆ ಮಾಡದಿದ್ದರೆ ಮತ್ತೆ ಒಂದನೇ ಹಂತದಿಂದ ಶುರು. ಹಾಂ, ಕೊಡಿಸೋ ‘ಸಾದಾ ಫೋನ್’ ಕೀಪ್ಯಾಡ್‌ನದ್ದು ಅಂತ ನಿಮ್ಮ ಮನಸ್ಸಿನಲ್ಲಿದ್ದರೆ, ಆ ಯೋಚನೆಯನ್ನು ಅವರಿಗೆ ನೀವೇ ಹೇಳಿ. ನಾನು ಈ ಪುಟದಲ್ಲಿ ಹೇಳಲಾರೆ.

— ಸಂಪಾದಕ